ಹದಿನೇಳನೆಯ ನಂಬರಿನ ಉಸಿರು

ಕಲಾಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಹಾಡುವವರು ಪರದೆಯ ಆಚೆ, ಅಂಕ ಕೊಡುವ ನಾವು ಮೂವರು ಈಚೆ. ಮುಖ ಕಾಣಬಾರದು, ಹೆಸರು ತಿಳಿಯಬಾರದು, ಬರೀ ನಂಬರು. ಪರಿಚಯದವರೆಂದು ಗೊತ್ತಾದರೆ ಹೇಳಿಬಿಡಬೇಕು. ಆಗ ಉಳಿದಿಬ್ಬರ ಅಂಕಗಳ ಸರಾಸರಿಯೇ ಲೆಕ್ಕ. ಸಂಗೀತದ ಮೇಡಂ ಆಗಿದ್ದಾಗ ಈ ನಿಯಮ ಬರೆದವಳು ನಾನೇ. ನಿವೃತ್ತಿಯ ನಂತರವೂ ವರ್ಷಕ್ಕೊಮ್ಮೆ ನನ್ನನ್ನು ಕರೆಯುತ್ತಿದ್ದರು.

ಆ ಸಲ ಉಳಿದಿದ್ದುದು ಒಂದೇ ಸೀಟು. ಕುರ್ಚಿ ಒತ್ತುತ್ತದೆಂದು ಡ್ರಾಯಿಂಗ್ ಮೇಷ್ಟ್ರು ತಮ್ಮ ದಿಂಬನ್ನು ನನ್ನ ಕಡೆ ತಳ್ಳಿದ್ದರು. ಹದಿನಾರನೆಯವನು ಮುಗಿಸಿದಾಗ ನಾಟಕದ ಮೇಷ್ಟ್ರು ಪಿಸುಗುಟ್ಟಿದರು: "ಇವನಿಗೂ ಶ್ರುತಿಗೂ ಎಣ್ಣೆ ಸೀಗೇಕಾಯಿ, ಮೇಡಂ."

ಆಮೇಲೆ ಹದಿನೇಳು. ಹುಡುಗಿಯ ದನಿ. ಮೂರನೆಯ ಸಾಲಿನಲ್ಲಿ ಒಂದೇ ಪದವನ್ನು ಎರಡಾಗಿ ಸೀಳಿ ಉಸಿರೆಳೆದುಕೊಂಡಳು. ನನ್ನ ಪೆನ್ನು ನಿಂತಿತು.

ಆ ಹಾಡಿನಲ್ಲಿ, ಆ ಜಾಗದಲ್ಲಿ ಹಾಗೆ ಉಸಿರೆಳೆಯುತ್ತಿದ್ದವಳು ಒಬ್ಬಳೇ, ನನ್ನ ಮಗಳು. ಏಳು ವರ್ಷದವಳಿದ್ದಾಗಿನಿಂದ ಬೈದಿದ್ದೆ.

"ಪದಾನ ಕತ್ತರಿಸಬೇಡ ಕಣೇ, ಎಷ್ಟು ಸಲ ಹೇಳ್ಲಿ?"

"ಉಸಿರು ಅಲ್ಲಿವರೆಗೇ ಬರೋದಮ್ಮ ನಂಗೆ."

ಮೊಂಡುತನ ಅಂದುಕೊಂಡೆ. ಹೃದಯದಲ್ಲಿ ಹುಟ್ಟಿನಿಂದಲೇ ತೂತಿತ್ತೆಂದು ಡಾಕ್ಟರು ಹೇಳಿದಾಗ ಅವಳಿಗೆ ಮೂವತ್ತಾರು. ಮೂವತ್ತೇಳು ತುಂಬಲಿಲ್ಲ.

ಬಾಡಿಗೆ ಕೋಣೆಯೊಂದರಲ್ಲಿ ಅವಳು ಮಕ್ಕಳಿಗೆ ಹಾಡಿನ ಪಾಠ ಹೇಳುತ್ತಿದ್ದಳು. ಪರದೆಯ ಆಚೆ ಹಾಡುತ್ತಿರುವವಳು ಅವಳ ಶಿಷ್ಯೆಯೇ ಎಂದು ನನಗೆ ಸಂಶಯವಿರಲಿಲ್ಲ. ಆಗಲೇ ಹೇಳಬೇಕಿತ್ತು. ಆದರೆ ನನಗೆ ಕೊನೆಯವರೆಗೂ ಕೇಳಬೇಕಿತ್ತು. ಕೇಳಿದ ಮೇಲೂ ಹೇಳಲಿಲ್ಲ. ಪಕ್ಷಪಾತ ಮಾಡಿದೆನೆಂದು ನನಗೇ ಅನ್ನಿಸಬಾರದೆಂದು 'ಉಸಿರಿನ ಹಿಡಿತ' ಎಂಬಲ್ಲಿ ಹತ್ತಕ್ಕೆ ಎರಡು ಹಾಕಿದೆ. ಬೇರೆ ಯಾರೇ ಆಗಿದ್ದರೂ ಆರು ಕೊಡುತ್ತಿದ್ದೆ.

ಎಲ್ಲರದೂ ಮುಗಿದ ಮೇಲೆ ನಾಟಕದ ಮೇಷ್ಟ್ರು ಕೂಡಿಸಿದರು. "ಅಯ್ಯೋ, ಹದಿನೇಳಕ್ಕೆ ಒಂದೇ ಮಾರ್ಕಲ್ಲಿ ಸೀಟು ಹೋಯ್ತಲ್ರೀ. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ."

ಮುಖ ತೊಳೆಯಲು ಹೊರಗೆ ಹೋದೆ. ನಲ್ಲಿಯ ಹತ್ತಿರ ಒಬ್ಬ ಹುಡುಗಿ. ಎದೆಗೆ ಚುಚ್ಚಿದ ಚೀಟಿಯಲ್ಲಿ ಹದಿನೇಳು. ಬಿಗಿಯಾದ ನಲ್ಲಿಯ ಜೊತೆ ನಾನು ತಿಣುಕುವುದನ್ನು ನೋಡಿ ತಾನೇ ತಿರುಗಿಸಿ ಹಿಡಿದಳು.

"ಮೂರನೇ ಸಾಲಲ್ಲಿ ಯಾಕಮ್ಮ ನಿಲ್ಲಿಸ್ದೆ?"

"ಹೊರಗೂ ಕೇಳಿಸ್ತಾ ಅಜ್ಜಿ? ತಪ್ಪು ಅಂತ ಗೊತ್ತು. ನಮ್ಮ ಮಿಸ್ಸೇ ಹೇಳೋರು, 'ನನ್ನ ಹಾಗೆ ನಿಲ್ಲಿಸ್ಬೇಡ್ವೇ, ನಮ್ಮಮ್ಮನ ಕೈಗೆ ಸಿಕ್ರೆ ಕಥೆ ಮುಗೀತು' ಅಂತ. ಸೊಳ್ಳೆ ಅಪಸ್ವರ ಹಾಡಿದ್ರೂ ಅವರಮ್ಮ ತಿದ್ತಾರಂತೆ!" ನಕ್ಕಳು. ಆಮೇಲೆ ನಲ್ಲಿಯ ಕಡೆ ನೋಡಿದಳು. "ನಂಗೆ ಉಸಿರು ಸಾಕಾಗತ್ತೆ. ಆದ್ರೆ ಈಗ ಮಿಸ್ ಇಲ್ವಲ್ಲ. ಅಲ್ಲಿ ನಿಲ್ಲದೆ ಹೋದ್ರೆ ಅವರನ್ನ ಬಿಟ್ಟು ನಾನೊಬ್ಳೇ ಮುಂದೆ ಹೋದ ಹಾಗಾಗತ್ತೆ."

ನಾನು ಯಾರೆಂದು ಹೇಳಲಿಲ್ಲ. ಒದ್ದೆ ಮುಖದಲ್ಲೇ ಒಳಗೆ ಬಂದೆ. ಗುಮಾಸ್ತ ಲಕೋಟೆಗೆ ಅರಗು ಕರಗಿಸುತ್ತಿದ್ದ.

"ನಿಲ್ಲಿಸಪ್ಪ. ಹದಿನೇಳು ನನಗೆ ಬೇಕಾದವಳು. ಮೊದಲೇ ಹೇಳಬೇಕಿತ್ತು."

"ಮೇಡಂ, ಇದನ್ನ ಬರೆದುಕೊಟ್ರೆ ಮುಂದಿನ ವರ್ಷದಿಂದ ನಿಮ್ಮನ್ನ ಕರೆಯಲ್ಲ," ಎಂದರು ನಾಟಕದ ಮೇಷ್ಟ್ರು. ಈ ಸಲ ತಮಾಷೆಯಿರಲಿಲ್ಲ.

"ಗೊತ್ತು."

ನನ್ನ ಅಂಕಗಳ ಮೇಲೆ ನಾನೇ ಗೆರೆ ಎಳೆದೆ. ಉಳಿದಿಬ್ಬರ ಲೆಕ್ಕದಲ್ಲಿ ಸೀಟು ಹದಿನೇಳಕ್ಕೆ ಹೋಯಿತು. ಪರಿಚಯ ತಿಳಿಸುವ ನಮೂನೆಯಲ್ಲಿ 'ಸಂಬಂಧ' ಎಂದಿದ್ದ ಕಡೆ 'ಮಗಳ ಶಿಷ್ಯೆ' ಎಂದು ಬರೆದೆ.

ಗುಮಾಸ್ತ ಹೊಸಬ, ಪಾಪ. ಕಾಗದದ ಕೆಳಗೆ 'ಸಂಬಂಧ ದೃಢಪಡಿಸುವವರ ಸಹಿ' ಎಂದಿದ್ದ ಗೆರೆ ತೋರಿಸಿದ. "ಹಾಗಾದ್ರೆ ಇಲ್ಲಿ ನಿಮ್ಮ ಮಗಳ ಸಹಿ ಬೇಕಮ್ಮ. ಸಂಜೆಯೊಳಗೆ ಬರ್ತಾರಾ?"

ಪೆನ್ನಿನ ಮುಚ್ಚಳ ಹಾಕಿದೆ. ಡ್ರಾಯಿಂಗ್ ಮೇಷ್ಟ್ರು ಎದ್ದು ಬಂದು ಕಾಗದವನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

"ಆಕೆ ಬರೋದಿಲ್ಲಪ್ಪ. ಸಾಕ್ಷಿ ಅಂತ ನಾನು ಹಾಕ್ತೀನಿ," ಎಂದು ಆ ಖಾಲಿ ಗೆರೆಯನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಸಣ್ಣದಾಗಿ ಸಹಿ ಮಾಡಿದರು.