ಕೆಳಗಿನಿಂದ ಹಾಕಿದ ಪಿನ್ನು

ಭಾಮೈದನ ಸುದ್ದಿ ಎತ್ತಬೇಡ ಎಂದು ಮನೆಯಲ್ಲಿ ಹೇಳಲು ವಾಲ್ವ್ ಮೇಸ್ತ್ರಿಗೆ ಬಾಯಿರಲಿಲ್ಲ. ಹೆಂಡತಿಗೆ ಅವನು ಒಡಹುಟ್ಟಿದ ತಮ್ಮ. ಸಾಲದ್ದಕ್ಕೆ, ಅವನನ್ನು ರೈಲು ಕಾರ್ಖಾನೆಗೆ ಕರೆತಂದು ಸ್ಪ್ಯಾನರ್ ಹಿಡಿಯಲು ಕಲಿಸಿದ್ದೂ ಮೇಸ್ತ್ರಿಯೇ.

"ರೀ, ಇವತ್ತು ತಮ್ಮನ ಬ್ರೇಕಿನ ಪರೀಕ್ಷೆ. ಒಳ್ಳೆ ಅಂಗಿ ಹಾಕ್ಕೊಂಡು ಹೋಗಿ."

"ಯಾಕೆ, ನನ್ನ ಅಂಗಿ ನೋಡಿ ಗಾಡಿ ನಿಲ್ಲುತ್ತಾ?"

"ನಿಮ್ಮ ಮುಖ ನೋಡಿದ್ರೆ ಹಾಲು ಒಡೆಯೋ ಹಾಗಿದೆ. ಅಂಗಿಯಾದ್ರೂ ನೆಟ್ಟಗಿರಲಿ."

ಬ್ರೇಕ್ ವಿಭಾಗಕ್ಕೆ ಹೋದ ಭಾಮೈದ ಅಲ್ಲಿ ಸುಮ್ಮನೆ ಕೂತಿರಲಿಲ್ಲ. ಚಕ್ರವನ್ನು ಒತ್ತುವ ಬ್ರೇಕ್ ಬ್ಲಾಕುಗಳು ಸವೆದಂತೆಲ್ಲ ಯಾರಾದರೊಬ್ಬರು ಬೋಗಿಯಡಿ ನುಸುಳಿ ಸರಳು ಬಿಗಿ ಮಾಡಬೇಕಾಗಿತ್ತು. ಸವೆದಷ್ಟೂ ತನ್ನಷ್ಟಕ್ಕೆ ಬಿಗಿದುಕೊಳ್ಳುವ ಕೊಂಡಿಯೊಂದನ್ನು ಅವನು ಮಾಡಿದ್ದ. ಕಾರ್ಖಾನೆಯಲ್ಲೆಲ್ಲ ಅದೇ ಮಾತು.

ಮೇಸ್ತ್ರಿಯೂ ಹೋದ ವರ್ಷ ಎಂಜಿನ್ನಿನ ವಾಲ್ವಿನ ಜೋಡಣೆಯನ್ನೇ ತಿದ್ದಿದ್ದ. ಉಗಿ ಹೊತ್ತಿಗೆ ಸರಿಯಾಗಿ ಒಳಹೊಕ್ಕು, ಹೊತ್ತಿಗೆ ಸರಿಯಾಗಿ ಹೊರಬೀಳುತ್ತಿತ್ತು. ಎಂಜಿನ್ನು ಕುಂಟುವುದು ಬಿಟ್ಟು ಸಮನಾಗಿ ಉಸಿರಾಡತೊಡಗಿತ್ತು. ಸಾಹೇಬರು ಬಂದು ಕಿವಿಗೊಟ್ಟು, "ಶಬ್ದ ಚೆನ್ನಾಗಿದೆ" ಎಂದು ಹೋದರು. ಅಷ್ಟೇ. ಶಬ್ದವಂತೆ! ಹಾರ್ಮೋನಿಯಂ ರಿಪೇರಿ ಮಾಡಿದ ಹಾಗೆ!

ಅದಕ್ಕೇ ಮೇಸ್ತ್ರಿ ಆ ದಿನ ಎಲ್ಲರಿಗಿಂತ ಮುಂಚೆ ಬಂದು, ಪರೀಕ್ಷೆಯ ಬೋಗಿಯಡಿ ಟಾರ್ಚು ಹಿಡಿದು ತೂರಿದ. ಮೆಚ್ಚಲು ಹೋದವನಲ್ಲ, ಹುಳುಕು ಹುಡುಕಲು ಹೋದವನು. ಸಿಕ್ಕಿಯೇಬಿಟ್ಟಿತು. ಕೊಂಡಿಯ ಪಿನ್ನನ್ನು ಕೆಳಗಿನಿಂದ ಮೇಲಕ್ಕೆ ತೂರಿಸಲಾಗಿತ್ತು. ಮೇಲಿನಿಂದ ಇಳಿಬಿಟ್ಟರೆ ತುದಿಯ ತೂತಿಗೆ ಚುಚ್ಚಿದ ಕಾಟರ್ ತಂತಿ ಉದುರಿದರೂ ಪಿನ್ನು ತನ್ನ ಅಗಲ ತಲೆಯ ಆಸರೆಯಲ್ಲಿ ನೇತುಕೊಂಡಿರುತ್ತದೆ. ಇದು ಹಾಗಲ್ಲ, ತಂತಿ ಬಿದ್ದರೆ ಪಿನ್ನೂ ಬಿತ್ತು, ಆ ಬೋಗಿಯ ಬ್ರೇಕೂ ಹೋಯಿತು. ಹಿಂದಿನ ದಿನದ ಓಡಾಟಕ್ಕೇ ತಂತಿ ಬಾಗಿ ಅರ್ಧ ಹೊರಗೆ ಇಣುಕುತ್ತಿತ್ತು.

ಮೇಸ್ತ್ರಿಯ ಹೊಟ್ಟೆ ತಣ್ಣಗಾಯಿತು. ಖಾಲಿ ಬೋಗಿ, ಯಾರ್ಡಿನೊಳಗಿನ ಓಟ. ಉಳಿದ ಬೋಗಿಗಳ ಬ್ರೇಕು ಗಾಡಿಯನ್ನು ನಿಲ್ಲಿಸುತ್ತದೆ. ಯಾರ ಕೂದಲೂ ಕೊಂಕುವುದಿಲ್ಲ. ಹೋಗುವುದು ಭಾಮೈದನ ಮಾನ ಮಾತ್ರ. ತಾನು ಬಾಯಿಗೆ ಬೀಗ ಹಾಕಿಕೊಂಡರೆ ಆಯಿತು.

ಹೊರಬರುವಷ್ಟರಲ್ಲಿ ಭಾಮೈದ ಎದುರು ನಿಂತಿದ್ದ. "ನೋಡಿದ್ರಾ ಭಾವ? ಹೇಗಿದೆ?"

"ಚೆನ್ನಾಗೇನೋ ಇದೆ," ಎಂದ ಮೇಸ್ತ್ರಿ. ಸುಮ್ಮನಿದ್ದಿದ್ದರೆ ಆಗುತ್ತಿತ್ತು, ನಾಲಿಗೆ ಕೇಳಬೇಕಲ್ಲ. "ಪಿನ್ನು ಯಾಕಯ್ಯಾ ಕೆಳಗಿನಿಂದ?"

"ನೀವೇ ಅಲ್ವಾ ಕಲಿಸಿದ್ದು! ಮೊದಲನೇ ದಿನಾನೇ ಹೇಳಿದ್ರಿ, ಪಿನ್ನು ಯಾವಾಗ್ಲೂ ಕೆಳಗಿನಿಂದ ಅಂತ. ಬ್ರೇಕಿನೋರು ಬೇಡ ಅಂದ್ರು. ನಮ್ಮ ಭಾವನ ಮಾತು, ಬದಲಾಯಿಸಲ್ಲ ಅಂದೆ."

ಮೇಸ್ತ್ರಿಗೆ ನೆನಪಾಯಿತು. ಹೇಳಿದ್ದು ನಿಜ. ಆದರೆ ಅದು ವಾಲ್ವಿನ ಉದ್ದ ಸರಳಿನ ಮಾತು. ಅಲ್ಲಿ ಬಾಯ್ಲರಿನ ಹೊಟ್ಟೆ ಅಡ್ಡ ಬರುವುದರಿಂದ ಪಿನ್ನು ಮೇಲಿನಿಂದ ಇಳಿಯುವುದಿಲ್ಲ. ಕಾರಣ ಹೇಳುವ ತಾಳ್ಮೆ ಅಂದು ಇರಲಿಲ್ಲ. ಈಗ ಪಿನ್ನು ಬಿದ್ದರೆ ಈ ಪುಣ್ಯಾತ್ಮ ಸಾಹೇಬರೆದುರು ಎದೆಯುಬ್ಬಿಸಿ, 'ಭಾವ ಕಲಿಸಿದ್ದು' ಎನ್ನುತ್ತಾನೆ. ಮರ್ಯಾದೆ ಇಬ್ಬರದೂ ಒಟ್ಟಿಗೇ ಹಳಿ ತಪ್ಪುತ್ತದೆ.

"ಹಿಡಿ ಟಾರ್ಚು," ಎಂದ ಮೇಸ್ತ್ರಿ ಹಲ್ಲು ಕಚ್ಚಿ. ಮತ್ತೆ ಬೋಗಿಯಡಿ ತೂರಿ, ಪಿನ್ನು ಕಿತ್ತು, ಮೇಲಿನಿಂದ ಇಳಿಬಿಟ್ಟು, ಹೊಸ ತಂತಿ ಚುಚ್ಚಿ ತುದಿ ಅಗಲಿಸಿದ. ಒಳ್ಳೆ ಅಂಗಿಯ ಬೆನ್ನಿಗೆಲ್ಲ ಗ್ರೀಸು.

ಬ್ರೇಕು ಗೆದ್ದಿತು. ಎಳೆದಾಗಲೆಲ್ಲ ಗಾಡಿ ಒಂದಿಷ್ಟೂ ಕುಲುಕದೆ ನಿಂತಿತು. ಸಾಹೇಬರು ಭಾಮೈದನ ಕೈ ಹಿಡಿದು ಬಿಡಲೇ ಇಲ್ಲ. ಅವನು ಸುಮ್ಮನಿರುತ್ತಾನೆಯೇ? "ಪಿನ್ನು ಸರಿ ಮಾಡಿದ್ದು ನಮ್ಮ ಭಾವ" ಎಂದು ಕೂಗಿಯೇಬಿಟ್ಟ. ಎಲ್ಲರೂ ತಿರುಗಿ ಚಪ್ಪಾಳೆ ತಟ್ಟಿದರು. ವಾಲ್ವಿಗೆ ಬಾರದ ಚಪ್ಪಾಳೆ ಒಂದು ಪಿನ್ನಿಗೆ ಬಂದಿತು, ಅದೂ ಭಾಮೈದ ಬಡಿಸಿದ ಎಂಜಲಾಗಿ.

ಗೇಟಿನವರೆಗೂ ಭಾಮೈದ ಜೊತೆಯಲ್ಲೇ ಬಂದ. "ಬೇರೆ ಯಾರಾದ್ರೂ ಆಗಿದ್ರೆ ನೋಡಿಯೂ ಸುಮ್ಮನಿರ್ತಿದ್ರು. ನಿಮ್ಮದು ದೊಡ್ಡ ಮನಸ್ಸು, ಭಾವ."

"ಇನ್ನೊಂದು ಸಲ ಹೊಗಳಿದ್ರೆ ನೋಡು, ಹೋಗಿ ಆ ಪಿನ್ನು ಕಿತ್ತು ಬಿಸಾಕ್ತೀನಿ."

ಭಾಮೈದ ಬಿದ್ದು ಬಿದ್ದು ನಕ್ಕ. ಮೇಸ್ತ್ರಿ ತಮಾಷೆಗೆ ಹೇಳಿರಲಿಲ್ಲ.