ಎರಡನೇ ಹುಬ್ಬಳ್ಳಿಯ ಗುಡುಗವ್ವ

ದಾನವ್ವ ತೀರಿಕೊಂಡ ಸುದ್ದಿ ಎಲ್ಲರಿಗಿಂತ ಕೊನೆಗೆ ಗೊತ್ತಾಗಿದ್ದು ದಾನವ್ವನಿಗೇ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಆಕೆ ಕಮರಿಪೇಟೆಯ ಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದಳು. ನವಲಗುಂದದಿಂದ ಮೊದಲ ಬಸ್ಸು ಹಿಡಿದು ಬಂದ ದೂರದ ತಮ್ಮ ಗುರುಪಾದ, ಕೈಯಲ್ಲಿ ಚೆಂಡುಹೂವಿನ ಮಾಲೆ ಹಿಡಿದು, ಮುಖ ಇಷ್ಟು ಸಣ್ಣದು ಮಾಡಿಕೊಂಡು ಬಾಗಿಲಲ್ಲಿ ಬಂದು ನಿಂತ.

"ಯಾರು ಹೋದ್ರೋ ತಮ್ಮಾ?" ಎಂದಳು ದಾನವ್ವ, ಹಿಟ್ಟಿನ ಕೈಯಲ್ಲೇ.

ಗುರುಪಾದ ಮಾಲೆಯನ್ನೊಮ್ಮೆ ನೋಡಿದ, ಆಕೆಯನ್ನೊಮ್ಮೆ ನೋಡಿದ. "ನೀನ ಅಂತ ಹೇಳಿದ್ರಲ್ಲಬೇ ಯಕ್ಕಾ," ಎಂದ.

ಹತ್ತು ಗಂಟೆಯೊಳಗೆ ಇನ್ನೂ ಏಳು ಮಂದಿ ಬಂದರು, ಜೊತೆಗೆ ಮೂರು ಮಾಲೆ. ಬಂದವರನ್ನು ಬೈದು ಏನು ಉಪಯೋಗ? ಓಣಿಯ ತಿರುವಿನಲ್ಲಿ ಹತ್ತಡಿ ಎತ್ತರದ ಫ್ಲೆಕ್ಸು ನಿಂತಿತ್ತು. ನಡುವೆ ದಾನವ್ವನ ಮುಖ: ಅದೇ ದುಂಡು ಕಣ್ಣು, ಗದ್ದದ ಮೇಲೆ ಅದೇ ಹಚ್ಚೆಯ ಚುಕ್ಕಿ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಮೇಲೆ ದಪ್ಪ ಅಕ್ಷರದಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’. ಕೆಳಗೆ ಇರುವೆ ಸಾಲಿನಷ್ಟು ಸಣ್ಣಗೆ, ‘ಗುಡುಗವ್ವ ಚಿತ್ರಕಥೆ, ಇಪ್ಪತ್ತೈದನೇ ಕಂತು, ಎಲ್ಲ ಪುಸ್ತಕದಂಗಡಿಗಳಲ್ಲಿ’. ಅಲ್ಲ, ಶ್ರದ್ಧಾಂಜಲಿ ಫ್ಲೆಕ್ಸಿನ ಕೊನೆಯ ಸಾಲನ್ನು ಹುಬ್ಬಳ್ಳಿಯಲ್ಲಿ ಯಾವ ಪುಣ್ಯಾತ್ಮ ಓದುತ್ತಾನೆ ಹೇಳಿ? ಮುಖ ನೋಡುತ್ತಾರೆ, ‘ಅಯ್ ಶಿವನ’ ಅನ್ನುತ್ತಾರೆ, ಫೋನು ತೆಗೆಯುತ್ತಾರೆ.

ಈ ಅನಾಹುತಕ್ಕೆಲ್ಲ ಮೂಲ ಆಕೆಯ ಅಣ್ಣನ ಮಗ ವಿಶಾಲ. ವಯಸ್ಸು ಮೂವತ್ತನಾಲ್ಕು. ಹಗಲು ತಾರಿಹಾಳದ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ತೆಗೆಯುವ ಕೆಲಸ. ಸಂಜೆ ಮನೆಯ ಪಡಸಾಲೆಯಲ್ಲಿ ಗುಡುಗವ್ವನ ಚಿತ್ರಕಥೆ ಬರೆಯುವ ಕೆಲಸ. ಆರನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡವನನ್ನು ಸಾಕಿದ್ದು ಈ ಅತ್ತಿಯೇ. ತಂದೆಗೆ ರೈಲ್ವೆ ವರ್ಕ್‌ಶಾಪಿನ ಪಾಳಿ ಮುಗಿಯುತ್ತಿರಲಿಲ್ಲ. ಈಗ ಅವರೂ ಇಲ್ಲ. ಮನೆಯಲ್ಲಿ ಇಬ್ಬರೇ.

ಗುಡುಗವ್ವ ಅಂದರೆ ಹುಬ್ಬಳ್ಳಿಯನ್ನು ಕಾಯುವ ಅರವತ್ತರ ವೀರವನಿತೆ. ಇಳಕಲ್ ಸೀರೆಗೆ ಕಚ್ಚೆ ಹಾಕಿ ನಿಲ್ಲುತ್ತಾಳೆ. ಹಾರಲು ಬರುವುದಿಲ್ಲ, ಮಂಡಿನೋವು ಬೇರೆ. ಆದರೆ ಗಂಟಲು ತೆರೆದು ಒಂದು ಸಲ ‘ಏಯ್!’ ಅಂದಳೆಂದರೆ ಕಳ್ಳಸಾಗಾಣಿಕೆಯ ಲಾರಿ ಪಲ್ಟಿ ಹೊಡೆಯುತ್ತದೆ. ಇದೇನು ವಿಶಾಲ ಕಲ್ಪಿಸಿಕೊಂಡದ್ದಲ್ಲ; ಮುಖವೂ ದನಿಯೂ ಅತ್ತಿಯವೇ. ದಾನವ್ವ ಹೊಸ್ತಿಲಲ್ಲಿ ನಿಂತು "ವಿಶ್ಯಾ, ಚಾ ಆರಾಕತ್ತೈತಿ!" ಎಂದರೆ ನಾಲ್ಕು ಓಣಿಯಾಚೆ ಚಹಾ ಕುಡಿಯುತ್ತಿದ್ದವರು ತಮ್ಮ ಕಪ್ಪನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಅಂಥ ಗುಡುಗವ್ವನನ್ನು ವಿಶಾಲ ಇಪ್ಪತ್ತೈದನೇ ಕಂತಿನಲ್ಲಿ ಕೊಂದಿದ್ದ. ಕೊಲ್ಲಿಸಿದ್ದು ಈ ಚಿತ್ರಕಥೆ ಬರುವ ಮಾಸಪತ್ರಿಕೆಯನ್ನು ಧಾರವಾಡದಲ್ಲಿ ನಡೆಸುವ ಸಂಪಾದಕಿ ಋತುಜಾ. "ವಿಶೇಷ ಸಂಚಿಕೆ ಅಂದ್ರ ನಾಯಕಿ ಒಮ್ಮೆ ಸಾಯಬೇಕ್ರಿ. ಅದು ಈ ಧಂದೆದ ರಿವಾಜ," ಎಂದಿದ್ದಳು. ಪ್ರಚಾರದ ಹೊಣೆ ಹೊತ್ತವನು ವಿಶಾಲನ ಸಾಲಿಯ ಗೆಳೆಯ ಅಸದ, ಫ್ಲೆಕ್ಸ್ ಅಂಗಡಿಯವನು. ಮಾಲೆಗಳೆಲ್ಲ ಬಂದ ಮೇಲೆ ಜಗಳಕ್ಕೆ ಹೋದರೆ ಅವನು, "ಶ್ರದ್ಧಾಂಜಲಿ ಡಿಸೈನ ರೆಡಿ ಇತ್ತು ದೋಸ್ತ. ಫೋಟೊ ಅಷ್ಟ ಬದಲಿ ಮಾಡೀನಿ," ಎಂದು ಹೇಳಿ ಕೈ ತೊಳೆದುಕೊಂಡ.

ದಾನವ್ವ ಬೈದಿದ್ದರೆ ಛಲೋ ಇತ್ತು. ಲಟ್ಟಣಿಗೆ ಎಸೆದಿದ್ದರೂ ತಪ್ಪಿಸಿಕೊಳ್ಳಬಹುದಿತ್ತು. ಆಕೆ ಆ ಸಂಚಿಕೆಯನ್ನು ತರಿಸಿಕೊಂಡು, ಕನ್ನಡಕ ಹಾಕಿ ಕೊನೆಯ ಪುಟದವರೆಗೂ ಓದಿ, ಮಡಿಸಿಟ್ಟು, ವಿಶಾಲನ ಜೊತೆ ಮಾತು ಬಿಟ್ಟಳು. ಪಕ್ಕದ ಮನೆಯವರ ಜೊತೆ ಮಾತು ಇತ್ತು, ಹಾಲಿನವನ ಜೊತೆ ಇತ್ತು, ಬೆಕ್ಕಿನ ಜೊತೆಗೂ ಇತ್ತು. ಇವನ ತಾಟಿಗೆ ಎರಡು ರೊಟ್ಟಿ, ಪಲ್ಯ ಬೀಳುತ್ತಿತ್ತು, ಅಷ್ಟೇ. ಮೂರನೆಯ ರೊಟ್ಟಿಗೆ ‘ಒಲ್ಲೆ’ ಅನ್ನುವುದು, ‘ತಿನ್ನೋ, ಕಡ್ಡಿ ಆಗೀದಿ’ ಎಂದು ಬೈಸಿಕೊಂಡು ತಿನ್ನುವುದು ಅವನ ಇಪ್ಪತ್ತೆಂಟು ವರ್ಷದ ರೂಢಿ. ಈಗ ಆ ಮೂರನೆಯ ರೊಟ್ಟಿ ಬುಟ್ಟಿಯಲ್ಲೇ ಉಳಿಯುತ್ತಿತ್ತು. ಐದು ದಿನಕ್ಕೆ ವಿಶಾಲನಿಗೆ ಮನೆಯೆಂಬುದು ಬೇಡವೆನಿಸಿತು. ಅತ್ತಿಯ ದನಿ ಒಂದು ಸಲ ಕೇಳಿದರೆ ಸಾಕಪ್ಪ, ಬೇಕಾದರೆ ಬೈಗುಳವೇ ಇರಲಿ ಅನ್ನುವಷ್ಟು ಸೋತುಹೋದ.

ಶನಿವಾರ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ ಋತುಜಾಳ ಮುಂದೆ ಕುಳಿತ.

"ಬದುಕಿಸಬೇಕ್ರಿ ಆಕೀನ್ನ," ಎಂದ.

"ಅಷ್ಟೇನಾ? ಅದಕ್ಕ್ಯಾಕ ಇಷ್ಟು ಮಾರಿ ಸಣ್ಣದು ಮಾಡೀರಿ?" ಋತುಜಾ ನಕ್ಕಳು. "ಕಾಮಿಕ್ಸಿನ್ಯಾಗ ಯಾರರೆ ಖರೇ ಸಾಯ್ತಾರೇನ್ರಿ? ಮಗ್ಗಲಿನ ಲೋಕದಿಂದ ಇನ್ನೊಬ್ಬಾಕೀನ್ನ ಕರಕೊಂಡು ಬರ್ರಿ."

ಚಹಾ ಆರುವುದರೊಳಗೆ ಆಕೆ ಕಾಯಿದೆಯೆಲ್ಲ ಹೇಳಿಕೊಟ್ಟಳು. ಇಂಥದ್ದೇ ಇನ್ನೊಂದು ಲೋಕ ಇರಬೇಕು; ಅದಕ್ಕೊಂದು ನಂಬರು ಇರಬೇಕು. ಇಲ್ಲಿರುವ ಪ್ರತಿಯೊಬ್ಬರಿಗೂ ಅಲ್ಲೊಬ್ಬ ಜೋಡಿ. ಇಲ್ಲಿ ಸತ್ತವರು ಅಲ್ಲಿ ಬದುಕಿರುತ್ತಾರೆ. ಎರಡು ಲೋಕ ಒಂದಕ್ಕೊಂದು ತಾಗಿದಾಗ ಆಕಾಶ ಕೆಂಪಾಗಲೇಬೇಕು, ಇಲ್ಲದಿದ್ದರೆ ಓದುಗರಿಗೆ ಸಮಾಧಾನವಿಲ್ಲ. ಜೋಡಿಗಳಲ್ಲಿ ಕೆಟ್ಟವನು ಯಾರೆಂದು ಗುರುತು ಸಿಗಲು ಅವನಿಗೊಂದು ದಾಡಿ.

"ಮತ್ತ ಕೊನೀಗೆ ನಡುವಿನ ಬಾಗಿಲಾ ಕಾಯಂ ಮುಚ್ಚಬೇಕ್ರಿ," ಎಂದಳು ಋತುಜಾ. "ಅಲ್ಲೇ ಓದೋರು ಕಣ್ಣೀರು ಹಾಕೋದು."

ವಿಶಾಲ ಒಂದು ವಾರ ಸಂಜೆಯೆಲ್ಲ ಕುಳಿತು ಬರೆದ. ಅತ್ತಿಯ ಕೋಪದ ಚಿಂತೆ ಒಂದು ಕಡೆಗಿದ್ದರೂ, ಸುಳ್ಳು ಯಾಕೆ ಹೇಳಬೇಕು, ಮಜಾ ಬಂತು. ಎರಡನೇ ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆಯ ನೀರನ್ನು ಬೊಗಸೆಯಲ್ಲೇ ಕುಡಿಯಬಹುದಿತ್ತು. ಅಲ್ಲಿಯ ಹುಬ್ಬಳ್ಳಿಯವರು ಪಿಸುಮಾತಿನಲ್ಲಿ ರಾಗದ ಬಗ್ಗೆ ಚರ್ಚೆ ಮಾಡುತ್ತಿದ್ದರು. ಧಾರವಾಡದವರು ಹತ್ತಿ ಅಂಗಡಿಯ ಮುಂದೆ ನಿಂತು ಕೂಗಾಡುತ್ತಿದ್ದರು. ಆಟೋದವರು ‘ಚಿಲ್ಲರೆ ಇಲ್ಲದಿದ್ರ ಇರಲಿ ಬಿಡ್ರಿ’ ಅನ್ನುತ್ತಿದ್ದರು. ಖಳನಾಯಕನಾಗಿ ಅಸದನ ಜೋಡಿಯನ್ನೇ ಹಾಕಿದ. ಆದರೆ ಅಸದನಿಗೆ ಮೊದಲೇ ಎದೆ ಮುಟ್ಟುವ ದಾಡಿ ಇದೆಯಲ್ಲ! ಕೊನೆಗೆ ಕೆಟ್ಟ ಅಸದನಿಗೆ ನುಣ್ಣಗೆ ಗಡ್ಡ ಬೋಳಿಸಬೇಕಾಯಿತು. ಅಸದ ಅದನ್ನು ನೋಡಿ, "ಖರೇ ಐತಿ ದೋಸ್ತ, ಈ ಮಾರೀನ್ನ ನಾನೂ ನಂಬಂಗಿಲ್ಲ," ಎಂದ.

ಭಾನುವಾರ ಬೆಳಿಗ್ಗೆ ಹಾಳೆಗಳನ್ನೆಲ್ಲ ಜೋಡಿಸಿ, ಅಡುಗೆಮನೆಯಲ್ಲಿ ರೊಟ್ಟಿ ಬುಟ್ಟಿಯ ಪಕ್ಕ ಇಟ್ಟು, ಕಂಬದ ಮರೆಗೆ ನಿಂತ. ದಾನವ್ವ ಒಲೆ ಆರಿಸಿದಳು. ಸೆರಗಿಗೆ ಕೈ ಒರೆಸಿ ಕನ್ನಡಕ ಹಾಕಿಕೊಂಡಳು. ಗುಡುಗವ್ವ ಬದುಕಿ ಬರುವ ಪುಟ ಬಂದಾಗ ಆಕೆಯ ಮುಖ ಅರಳುತ್ತದೆ ಎಂದು ಅವನು ಕಾದ. ಅರಳಲಿಲ್ಲ. ಆದರೆ ಹದಿಮೂರು ದಿನದ ಮೇಲೆ ಬಾಯಿ ತೆರೆದಳು.

"ಎರಡನೇ ಹುಬ್ಬಳ್ಳಿ ಅಂತ ಬರದೀಯಲ್ಲ, ಒಂದನೇದು ಯಾವುದು?"

"ನಮ್ಮದು ಅತ್ತಿ!" ಮಾತು ಬಂತಲ್ಲ ಎಂಬ ಸಂತೋಷಕ್ಕೆ ವಿಶಾಲ ಕಂಬ ಬಿಟ್ಟು ಓಡಿಬಂದ.

"ಎಣಿಸಿದವರು ಯಾರು?"

"ನಾವ."

"ಮತ್ತ ಅವರೇನು ತಮ್ಮೂರಿಗೆ ತಾವ ಎರಡನೇದು ಅಂತ ಬೋರ್ಡು ಹಾಕ್ಕೊಂಡಾರೇನು?"

ದಾನವ್ವ ಪುಟ ತಿರುವಿದಳು. ಕೆಂಪು ಆಕಾಶ. ಉಣಕಲ್ ಕೆರೆಯ ಏರಿಯ ಮೇಲೆ ಬೆಳಕಿನ ಬಾಗಿಲು. ಆ ಕಡೆಯ ಗುಡುಗವ್ವ ಈ ಕಡೆಗೆ ಕಾಲಿಟ್ಟಳು, ಬಾಗಿಲು ಕಾಯಂ ಮುಚ್ಚಿತು, ಜನ ಆರತಿ ಎತ್ತಿದರು.

"ಈ ಕಡೆ ಮಂದಿ ಆರತಿ ಮಾಡಾಕತ್ತಾರ. ಆ ಕಡೇದವರು?"

"ಅವರನ್ನ ತೋರ್ಸಂಗಿಲ್ಲತ್ತಿ. ಬಾಗಲಾ ಮುಚ್ಚಿತಲ್ಲ."

"ನೀ ತೋರಸದಿದ್ರ ಅವರು ಇಲ್ಲೇನು? ಅಲ್ಲಿ ಯಾರರೆ ಆಕೀ ದಾರಿ ಕಾಯಾಕತ್ತಿದ್ರ?" ದಾನವ್ವ ಕನ್ನಡಕ ತೆಗೆದಳು. ಆಕೆಯ ದನಿ ಇಷ್ಟು ಸಣ್ಣದಾಗಿದ್ದನ್ನು ವಿಶಾಲ ಎಂದೂ ಕೇಳಿರಲಿಲ್ಲ. "ನಾ ಎಲ್ಲಿಂದ ಬಂದೆ, ಗೊತ್ತೈತೇನು ನಿನಗ?"

"ಗದಗಿನಿಂದ."

"ಗದಗಿನ್ಯಾಗ ಏನ ಮಾಡತಿದ್ನಿ?"

ಗಂಡ ತೀರಿದ ಮೇಲೆ ಅತ್ತಿ ಅಲ್ಲಿದ್ದಳು, ತನ್ನವ್ವ ಹೋದ ಮೇಲೆ ಇಲ್ಲಿಗೆ ಬಂದಳು, ಇಷ್ಟೇ ವಿಶಾಲನಿಗೆ ಗೊತ್ತಿದ್ದುದು. ಅದಕ್ಕೂ ಮೊದಲು ಆಕೆಗೊಂದು ಬದುಕು ಇದ್ದಿರಬಹುದೆಂದು ಈ ಮನುಷ್ಯ ಒಂದು ದಿನವೂ ಯೋಚಿಸಿರಲಿಲ್ಲ.

"ಖಾನಾವಳಿ ನಡಸತಿದ್ನಿ. ದಿನಾ ಎಂಬತ್ತು ಮಂದಿ ಊಟಕ್ಕ ಬರತಿದ್ರು. ಮುದಕವ್ವ ಅಂತ ನನ್ನ ಜೋಡಿ ರೊಟ್ಟಿ ಬಡೀತಿದ್ಲು. ತವರಮನಿ ಇಲ್ಲದಾಕಿ, ಚೊಚ್ಚಲ ಬಸುರಿ. ಬಾಣಂತನಾ ನಾನ ಮಾಡತೇನಿ ಅಂತ ಮಾತು ಕೊಟ್ಟಿದ್ನಿ. ಅಷ್ಟರಾಗ ನಿಮ್ಮವ್ವ ಹೋದ್ಲು. ಹದಿನೈದು ದಿನಕ್ಕ ಬರತೇನಿ ಅಂತ ಹೇಳಿ ಕೀಲಿ ಆಕೀ ಕೈಯಾಗ ಕೊಟ್ಟು ಬಂದೆ."

"ಮತ್ತ ಯಾಕ ಹೋಗಲಿಲ್ಲ?"

ದಾನವ್ವ ಪಡಸಾಲೆಯ ಬಾಗಿಲಿನ ಕಡೆ ನೋಡಿದಳು. "ಹದಿನಾರನೇ ದಿನಾ ಚೀಲಾ ಹೆಗಲಿಗೆ ಹಾಕ್ಕೊಂಡೆ. ನೀ ಬಾಗಲಾ ಮುಚ್ಚಿ, ಚಿಲಕಾ ಹಾಕಿ, ಬೆನ್ನು ಹಚ್ಚಿ ಕುಂತಿ. ಹೋದ್ರ ಅವ್ವನಂಗ ನೀನೂ ಬರೂದಿಲ್ಲ ಅಂದಿ. ಚೀಲಾ ಕೆಳಗಿಟ್ಟೆ. ಆಮ್ಯಾಲೆ ದಿನಾ ಹೋದಂಗ ಯಾವ ಮಾರಿ ಹೊತ್ಕೊಂಡು ಹೋಗಲಿ ಅಂತ ಸುಮ್ಮನಾದೆ."

ವಿಶಾಲನಿಗೆ ಆ ಚಿಲಕ ನೆನಪಿತ್ತು. ಹಿತ್ತಾಳೆಯದು, ತಣ್ಣಗಿತ್ತು, ಎಟಕಿಸಲು ತುದಿಗಾಲಲ್ಲಿ ನಿಲ್ಲಬೇಕಾಗಿತ್ತು. ಅಂದು ತಾನು ಗೆದ್ದೆನೆಂದೇ ಇಷ್ಟು ವರ್ಷ ಅಂದುಕೊಂಡಿದ್ದ. "ತಪ್ಪಾತು ಅತ್ತಿ," ಎಂದ. ಫ್ಲೆಕ್ಸಿಗೋ, ಚಿಲಕಕ್ಕೋ ಅವನಿಗೇ ತಿಳಿಯಲಿಲ್ಲ.

"ಹುಚ್ಚಾ, ಆರು ವರ್ಷದ ಕೂಸಿಂದೇನು ತಪ್ಪು? ನಾ ನಿನ್ನ ಬಿಟ್ಟು ಹೋಗಲಿಲ್ಲ ಅಂತ ನನಗೇನು ದುಃಖಿಲ್ಲ," ಎಂದಳು ದಾನವ್ವ. ಆಮೇಲೆ ಕೊನೆಯ ಹಾಳೆಯ ಮೇಲೆ ಬೆರಳು ಕುಟ್ಟಿದಳು. "ಆದ್ರ ನಿನಗೀಗ ಮೂವತ್ತನಾಲ್ಕು. ಇನ್ನೂ ಬಾಗಲಾ ಮುಚ್ಚೂದ ಬರೀತಿಯಲ್ಲ! ಈ ಓಣ್ಯಾಗ ಹಗಲೊತ್ತಿನ್ಯಾಗ ಯಾರರೆ ಬಾಗಲಾ ಮುಚ್ಚತಾರೇನು? ಆಕಿ ಇಲ್ಲಿಗೂ ಬರ್ಲಿ, ಅಲ್ಲಿಗೂ ಹೋಗ್ಲಿ."

ಅಂದು ಸಂಜೆ ವಿಶಾಲ ಕೊನೆಯ ಪುಟವನ್ನು ಮತ್ತೆ ಬರೆದ. ಕೆರೆಯ ಏರಿಯ ಮೇಲೆ ಬಾಗಿಲು ಹಾರುಹೊಡೆದಿತ್ತು. ಮುಚ್ಚಿಕೊಳ್ಳದಿರಲೆಂದು ಗುಡುಗವ್ವ ಅದಕ್ಕೆ ಒಂದು ಒರಳುಕಲ್ಲು ಅಡ್ಡ ಇಟ್ಟಿದ್ದಳು. ಋತುಜಾ ಅದನ್ನು ಫೋನಿನಲ್ಲಿ ನೋಡಿ ಗಾಬರಿಯಾದಳು.

"ಬಾಗಿಲಾ ತಗದಿಟ್ರ ಕಥಿ ಮುಗಿಯೋದು ಹ್ಯಾಂಗ್ರೀ?"

"ಮುಗೀಲಿಲ್ಲಂದ್ರ ಏನಾತ್ರಿ?" ಎಂದ ವಿಶಾಲ. ಋತುಜಾ, ಹಂಗಿದ್ದರೆ ಇನ್ನೂ ಇಪ್ಪತ್ತೈದು ಕಂತು ಬರೆದುಕೊಡಬೇಕೆಂದು ಕರಾರು ಹಾಕಿ ಒಪ್ಪಿದಳು.

ಫೋನಿಟ್ಟ ಮೇಲೆ ಅವನಿಗೊಂದು ಯೋಚನೆ ಬಂತು. ಮೊಬೈಲಿನ ನಕ್ಷೆಯಲ್ಲಿ ಗದಗು, ಖಾನಾವಳಿ ಎಂದು ಹುಡುಕಿದ. ಸಾಲು ಸಾಲು ಹೆಸರು ಬಂದವು. ಒಂಬತ್ತನೆಯದರಲ್ಲಿ ಬೆರಳು ನಿಂತಿತು. ಎದ್ದು ಹೋಗಿ ಫೋನನ್ನು ಅತ್ತಿಯ ಕೈಗೆ ಕೊಟ್ಟ.

ಊಟಕ್ಕೆ ಬಂದ ಯಾರೋ ತೆಗೆದು ಹಾಕಿದ ಫೋಟೊ. ಹೊಸ ಬಣ್ಣದ ಅಂಗಡಿ. ದುಡ್ಡು ತಗೊಳ್ಳುವ ಗಲ್ಲೆಯ ಮೇಲೆ ಐವತ್ತರ ಹತ್ತಿರದ ದಪ್ಪನೆಯ ಹೆಂಗಸು, ಬಗಲಲ್ಲಿ ಆಕೆಯದೇ ಮೂಗಿನ, ಎತ್ತರದ ಮಗಳು. ನೆತ್ತಿಯ ಮೇಲೆ ಬೋರ್ಡು: ‘ದಾನವ್ವನ ಖಾನಾವಳಿ’.

ದಾನವ್ವ ಬೋರ್ಡನ್ನು ಬೆರಳಿನಿಂದ ಮುಟ್ಟಿದಳು. ಫೋಟೊ ದೊಡ್ಡದಾಯಿತು, ಆಕೆ ಬೆಚ್ಚಿ ಕೈ ತೆಗೆದಳು, ಮತ್ತೆ ಮುಟ್ಟಿದಳು. "ಮುದಕವ್ವ ಹೆಸರು ಬದಲಿ ಮಾಡೇ ಇಲ್ಲಲ್ಲೋ, ಹುಚ್ಚಿ," ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇಲ್ಲಿ ಹತ್ತಡಿ ಫ್ಲೆಕ್ಸಿನಲ್ಲಿ ಸತ್ತವಳು ಗಾಡಿಯಲ್ಲಿ ಒಂದು ತಾಸಿನ ದಾರಿಯ ಊರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ದಿನಾ ಮಂದಿಗೆ ಉಣಬಡಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ಓಣಿಗೆ ಓಣಿಯೇ ಎದ್ದು ಕೂತಿತು.

"ವಿಶ್ಯಾ! ನನ್ನ ಚೀಲಾ ಎಲ್ಲಿಟ್ಟೀಯೋ?"

ವಿಶಾಲ ಹಲ್ಲುಜ್ಜುವ ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಅಟ್ಟ ಹತ್ತಿದ. ಇಷ್ಟು ಚೆಂದದ ದನಿ ಲೋಕದಲ್ಲಿ ಇನ್ನೊಂದಿಲ್ಲ ಅನ್ನಿಸಿತು ಅವನಿಗೆ. ಚೀಲ ಸಿಕ್ಕಿತು, ಧೂಳು ಝಾಡಿಸಿ ತಂದ. ಇಳಕಲ್ ಸೀರೆಯುಟ್ಟು ನಿಂತ ದಾನವ್ವನಿಗೆ, "ನಾನೂ ಗದಗಿಗೆ ಬರ್ಲೇನು? ರಜಾ ಹಾಕತೇನಿ," ಎಂದ.

"ನೀ ಬ್ಯಾಡ. ನೀ ಬಂದ್ರ ಸಂಜೀಕ ತಿರುಗಿ ಕರಕೊಂಡು ಬಂದಬಿಡತಿ."

"ಮತ್ತ ಯಾವಾಗ ಬರತಿ?"

ದಾನವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಗ ವಿಶಾಲನಿಗೆ ಅರಿವಾಯಿತು: ತಾನು ನಿಂತಿರುವುದು ನಡುಬಾಗಿಲಿನಲ್ಲೇ, ಬೆನ್ನು ಕದಕ್ಕೆ ಹತ್ತಿದೆ, ಆರು ವರ್ಷದವನಿದ್ದಾಗಿನ ಹಾಗೆಯೇ.

"ಹದಿನೈದು ದಿನಕ್ಕ ಬರತೇನಿ," ಎಂದಳು ದಾನವ್ವ. "ಬುಟ್ಟ್ಯಾಗ ಮೂರು ರೊಟ್ಟಿ ಅದಾವು. ಮೂರೂ ತಿನ್ನು."

ವಿಶಾಲ ಬಾಗಿಲಿನಿಂದ ಪಕ್ಕಕ್ಕೆ ಸರಿದು, ಆಕೆಯ ಚೀಲ ಎತ್ತಿಕೊಂಡು ಆಟೋ ನಿಲ್ಲಿಸಲು ಹೊರಟ.