ಬಾಲವಿಲ್ಲದ ಗಂಟು

ತೋಳಿನ ಮೇಲೆ ಎರಡು ಗೀರು. ಒಂದರ ಬಗಲಲ್ಲೇ ಇನ್ನೊಂದು, ನಿನ್ನೆಯ ಮಡಿಕೆ ಸಾಯದೆ ಅದರ ಪಕ್ಕಕ್ಕೇ ಇವತ್ತಿನದು ಹುಟ್ಟಿದೆ, ಇಸ್ತ್ರಿ ಹಾಕಿದವರು ಯಾರೋ ಅವಸರದವರು, ನೀರು ಚಿಮುಕಿಸದೆ ಹಾಗೇ ಎಳೆದಿದ್ದಾರೆ, ಒಳ್ಳೇ ಹತ್ತಿಯ ಬಟ್ಟೆ, ಪಾಪ, ಇಷ್ಟು ಓದಿದ ಮನಸ್ಸಿನ ಡಾಕ್ಟರಮ್ಮನಿಗೆ ನೆಟ್ಟಗೆ ಒಂದು ತೋಳು ಹಾಕಿಕೊಡುವವರಿಲ್ಲ — ತೋಳು ನೋಡಬೇಡಿ ಅಮ್ಮ, ನನ್ನ ಬೆರಳು ನೋಡಿ, ತಲೆ ಅಲ್ಲಾಡೋದು ಬೇಡ, ಕಣ್ಣು ಮಾತ್ರ ಬೆರಳಿನ ಹಿಂದೆ ಹೋಗಲಿ — ಸರಿ, ಬೆರಳು, ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಎಡಕ್ಕೆ, ಬಲಕ್ಕೆ, ಇದೇನು ಮಹಾ, ಇಪ್ಪತ್ತಾರು ವರ್ಷ ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆಯ ಹಿಂದೆ ಅವಳ ಕಣ್ಣು ಹೀಗೇ ತಾನೇ ಓಡಾಡಿದ್ದು, ಆಗ ಯಾರೂ ಇದನ್ನು ಚಿಕಿತ್ಸೆ ಅಂತ ಕರೆಯಲಿಲ್ಲ. ಇದು ನಾಲ್ಕನೇ ಸಲ. ಎದುರುಬದುರು ಎರಡು ಕುರ್ಚಿ, ಮೇಜಿನ ಮೇಲೆ ಕಾಗದದ ಕರವಸ್ತ್ರದ ಡಬ್ಬಿ, ಅಳುವವರಿಗೆ, ಅವಳು ಇನ್ನೂ ಒಂದನ್ನೂ ಎಳೆದಿಲ್ಲ, ಅವಳು ಅಳಲು ಬಂದವಳಲ್ಲ, ಬಾಯಿ ವಾಪಸ್ಸು ತೆಗೆದುಕೊಂಡು ಹೋಗಲು ಬಂದವಳು. ಅಕ್ಕ, ಕೈ ಹೋಗಿದ್ದು ನಂದು, ಬಾಯಿ ಹೋಗಿದ್ದು ನಿಂದು, ಇದ್ಯಾವ ಊರಿನ ನ್ಯಾಯನೇ — ತಂಗಿ ಹಾಗಂದು ನಕ್ಕಿದ್ದಳು, ಎಡಗೈಯಲ್ಲಿ ಟೀ ಲೋಟ, ಬಲಗೈ ಶಾಲಿನೊಳಗೆ, ಶಾಲಿನೊಳಗೆ ಏನಿದೆ ಅಂತ ಇಬ್ಬರಿಗೂ ಗೊತ್ತು, ಮಣಿಕಟ್ಟಿನಿಂದ ಮುಂದಕ್ಕೆ ಏನೂ ಇಲ್ಲ. ಆ ಅಪಘಾತದ ಮೊದಲ ವಿಚಾರಣೆಯ ದಿನ ಅಧಿಕಾರಿ ಮೂರು ಸಲ ಕೇಳಿದರು, ಹೇಳಿ ಅಮ್ಮ, ಯಂತ್ರದ ಕಂಬಿಯನ್ನ ಕಟ್ಟಿಹಾಕಿದ್ದು ಯಾರು, ಬಾಯಿ ತೆರೆಯಿತು, ಬರೀ ಗಾಳಿ ಬಂತು, ಹೆಬ್ಬೆರಳು ತೋರುಬೆರಳು ತಮ್ಮಷ್ಟಕ್ಕೆ ಒಂದನ್ನೊಂದು ಉಜ್ಜತೊಡಗಿದವು, ಎದುರಿಗೆ ಗಂಜಿಸಾಹೇಬ ಗಂಟಲು ಸರಿಮಾಡಿಕೊಂಡು, ಮೌನ ಅಂದ್ರೆ ಒಪ್ಪಿಗೆ ಅಲ್ವೇ ಸಾರ್, ಅಂದ. ನಾಳೆ ಹತ್ತು ಗಂಟೆಗೆ ಎರಡನೆಯದು, ಅದೇ ಕೊನೆಯದು. ನಾಳೆಯೂ ಗಾಳಿಯೇ ಬಂದರೆ ತಂಗಿಯ ಕೈ ತಿಂದವಳು ಅಕ್ಕನೇ ಅಂತ ಬರೆದು ಮೊಹರು ಒತ್ತುತ್ತಾರೆ, ಅವನು ಅಂಗಿ ಕೊಡವಿಕೊಂಡು ಎದ್ದು ಹೋಗುತ್ತಾನೆ.

ಗಂಜಿಸಾಹೇಬ ಅಂದರೆ ಲಾಂಡ್ರಿಯ ಮೇಲ್ವಿಚಾರಕ, ಹೆಸರಿಟ್ಟವರು ಹೆಂಗಸರು, ಗಂಜಿ ಹಾಕಿದ ಅಂಗಿ, ಗಂಜಿ ಹಾಕಿದ ಮಾತು, ಮಡಿಕೆ ಮುರಿದೀತೆಂದು ಕುರ್ಚಿಯ ಮೇಲೆ ಕೂರಲೂ ಯೋಚಿಸುವವನು, ಅಮ್ಮನ ಹೊಟ್ಟೆಯಿಂದಲೂ ಗರಿಗರಿಯಾಗೇ ಬಂದಿರಬೇಕು ಅಂತ ತಂಗಿ ಅಂದಿದ್ದಕ್ಕೆ ಇಡೀ ಲಾಂಡ್ರಿ ಬಿದ್ದು ಬಿದ್ದು ನಕ್ಕಿತ್ತು. ಆ ಅಂಗಿಗಳನ್ನು ಹದಿನಾಲ್ಕು ವರ್ಷ ಗಂಜಿಯಲ್ಲಿ ಅದ್ದಿದವಳು ಅವಳೇ. ತಂಗಿಯ ಕೈ ಹೋದ ಮೇಲಿನ ಈ ಎರಡು ವರ್ಷದಲ್ಲಿ ಮನಸ್ಸಿನೊಳಗೆ ಅವನಿಗೆ ಏನೇನು ಮಾಡಿಲ್ಲ ಅವಳು, ಕಾಲರಿಗೆ ಎರಡು ಪಟ್ಟು ಗಂಜಿ ಕೊಟ್ಟು ಕತ್ತು ಗರಗಸದಲ್ಲಿ ಕೊಯ್ದ ಹಾಗೆ ಕೊಯ್ಯಿಸಿದ್ದಾಳೆ, ಕಾದ ಇಸ್ತ್ರಿಪೆಟ್ಟಿಗೆಯನ್ನು ಬೆನ್ನಿನ ಮೇಲಿಟ್ಟು ಟೀ ಕುಡಿಯಲು ಹೋಗಿದ್ದಾಳೆ, ಅವನನ್ನೇ ರೋಲರಿನ ಬಾಯಿಗೆ ಕೊಟ್ಟು ಆ ಕಡೆಯಿಂದ ಬಂದದ್ದನ್ನು ನಾಲ್ಕು ಮಡಿಕೆ ಮಾಡಿ ಚೀಟಿ ಹಚ್ಚಿ ವಾರ್ಡಿಗೆ ಕಳಿಸಿದ್ದಾಳೆ. ಅದಕ್ಕೇ ಮೊದಲ ದಿನವೇ ಕರಾರು ಮಾಡಿದ್ದಳು, ನೋಡಿ ಮೇಡಂ, ಹೆದರಿಕೆ ತೆಗೀರಿ, ಸಿಟ್ಟು ಮಾತ್ರ ಮುಟ್ಟಬೇಡಿ. ಡಾಕ್ಟರಮ್ಮ ನಗಲಿಲ್ಲ, ನಾನು ಯಾವುದನ್ನೂ ತೆಗೆಯಲ್ಲ ಅಮ್ಮ, ಆ ದಿನ ನಿಮ್ಮೊಳಗೆ ನೆನೆಹಾಕಿದ ಬಟ್ಟೆ ಹಾಗೇ ಉಳ್ಕೊಂಡಿದೆ, ಅದನ್ನ ಒಗೆಯೋದು ನಿಮ್ಮ ತಲೆನೇ, ನಾನು ಬೆರಳು ಆಡಿಸ್ತೀನಿ ಅಷ್ಟೇ. ಹಾಗಿದ್ದರೆ ಸಿಟ್ಟೂ ಬಣ್ಣ ಬಿಟ್ಟೀತು, ಅಂದಿನಿಂದ ಇದೇ ಅನುಮಾನ, ಕೆಂಪಿನದನ್ನೂ ಬಿಳಿಯದನ್ನೂ ಒಟ್ಟಿಗೆ ನೆನೆಸಬಾರದು ಅಂತ ಗೊತ್ತಿಲ್ಲದವಳೇ ಅವಳು. ಕಳೆದ ವಾರ ಇಲ್ಲಿಂದ ಹೋಗುವಾಗ ಬಸ್ಸಿನಲ್ಲಿ ಹಸಿವಾಯಿತು, ಎರಡು ವರ್ಷದಲ್ಲಿ ಮೊದಲ ಸಲ ನಿಜವಾದ ಹಸಿವು, ಗಾಬರಿಯಾಗಿಬಿಟ್ಟಳು, ಹಸಿವಾಗುವವಳ ಸಿಟ್ಟು ಎಷ್ಟು ದಿನ ನಿಂತೀತು, ಕಣ್ಣು ಮುಚ್ಚಿ ಗಂಜಿಸಾಹೇಬನ ಮುಖವನ್ನು ಹುಡುಕಿದಳು — ಇದ್ದಾನೆ, ಅಲ್ಲೇ ಇದ್ದಾನೆ, ಸದ್ಯ.

ಆ ದಿನದ ಚಿತ್ರ ತಂದ್ಕೊಳ್ಳಿ ಅಮ್ಮ. ಅದರ ಜೊತೆ ನಿಮ್ಮ ಬಗ್ಗೆ ಏನು ಮಾತು ಬರುತ್ತೆ? ನನ್ನ ಕೈಲಾಗಲಿಲ್ಲ, ಅದೇ ಮೇಡಂ. ಹತ್ತರಲ್ಲಿ ಎಷ್ಟು ಹಿಂಸೆ? ಒಂಬತ್ತು. ಮೈಯಲ್ಲಿ ಎಲ್ಲಿ? ಈ ಎರಡು ಬೆರಳಲ್ಲಿ. ಸರಿ, ರೈಲಿನ ಕಿಟಕಿಯಿಂದ ನೋಡಿದ ಹಾಗೆ ನೋಡ್ತಾ ಹೋಗಿ, ಸಾಕು ಅನ್ನಿಸಿದ್ರೆ ಕೈ ಎತ್ತಿ — ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ, ಉಗುರಿನ ಬಣ್ಣ ಒಂದು ಮೂಲೆಯಲ್ಲಿ ಎದ್ದಿದೆ, ಎದ್ದ ಕಡೆ ಬಿಳಿ, ಬಿಳಿ ಹೊದಿಕೆ, ಹಬೆ, ಒದ್ದೆ ಬಟ್ಟೆ ಕಾಯುವ ವಾಸನೆ, ರೋಲರ್ ತಿರುಗುತ್ತಿದೆ. ಮಂಚದಷ್ಟು ಅಗಲದ ಬಿಸಿ ಉರುಳೆ, ಈ ಕಡೆ ಒದ್ದೆ ಹೊದಿಕೆ ಕೊಟ್ಟರೆ ಆ ಕಡೆ ಒಣಗಿ ಬರುತ್ತದೆ, ಬಾಯಿಯ ಮುಂದೆ ಅಡ್ಡಕ್ಕೊಂದು ಕಂಬಿ, ಕೈ ಒಳಗೆ ಹೋಗುವ ಮೊದಲು ಅದಕ್ಕೆ ತಾಗಬೇಕು, ತಾಗಿದರೆ ಕಂಬಿ ಸರಿದು ರೋಲರ್ ನಿಲ್ಲಬೇಕು. ಆ ವಾರ ಕಂಬಿ ಕೆಟ್ಟಿತ್ತು, ಹೊದಿಕೆಯ ದಪ್ಪ ಅಂಚು ತಾಗಿದರೂ ಸಾಕು, ಟಪ್ಪನೆ ನಿಲ್ಲುತ್ತಿತ್ತು, ಮೇಲಿನ ವಾರ್ಡುಗಳಿಂದ ಫೋನು, ಹೊದಿಕೆ ಎಲ್ಲಿ, ರೋಗಿಗಳನ್ನ ಬರೀ ಹಾಸಿಗೆ ಮೇಲೆ ಮಲಗಿಸೋದಾ, ಗಂಜಿಸಾಹೇಬನ ಕತ್ತಿನಲ್ಲಿ ಬೆವರು. ಹೆಂಗಸರೆಲ್ಲ ಟೀ ಕುಡಿದು ಬಂದಾಗ ರೋಲರ್ ನಿಲ್ಲದೆ ಓಡುತ್ತಿತ್ತು. ಕಂಬಿಯನ್ನು ಯಾರೋ ಬಟ್ಟೆಪಟ್ಟಿಯಿಂದ ಬಿಗಿದಿದ್ದರು. ಅವಳಿಗೆ ಕಂಡಿತ್ತು. ಕಂಡಿತ್ತು, ನೋಡಲಿಲ್ಲ, ಸದ್ಯ ಓಡುತ್ತಿದೆಯಲ್ಲ ಅಂತ ಒಳಗೊಳಗೇ ಹಾಯೆನಿಸಿತ್ತು, ಇದನ್ನು ಡಾಕ್ಟರಮ್ಮನಿಗೂ ಹೇಳಿಲ್ಲ, ನಾಳೆ ಹೇಳಬೇಕು, ಹೇಳುತ್ತಾಳೆ, ಅವಳ ಪಾಲಿನದು ಅವಳಿಗೆ, ಅವನ ಪಾಲಿನದು ಅವನಿಗೆ — ಎಡಕ್ಕೆ, ಬಲಕ್ಕೆ — ತಂಗಿ ಹೊದಿಕೆಯ ಮಡಚಿಕೊಂಡ ಮೂಲೆಯನ್ನು ಅಂಗೈಯಲ್ಲಿ ಸವರುತ್ತಾಳೆ, ಅಕ್ಕಾ ಅನ್ನುತ್ತಾಳೆ, ಕೂಗಲಿಲ್ಲ, ಆ ಸೂಜಿ ಕೊಡು ಅನ್ನುವ ಹಾಗೆ ಅಂದಳು, ಅಕ್ಕಾ, ತಂಗಿಯ ಎದೆ ಕಂಬಿಗೆ ಒತ್ತಿದೆ, ಕಂಬಿ ಸರಿಯುತ್ತಿಲ್ಲ, ರೋಲರ್ ನಿಲ್ಲುತ್ತಿಲ್ಲ.

ಏನು ಬಂತು ಅಮ್ಮ? ರೋಲರ್ ನಿಲ್ಲಿಸೋ ಕೆಂಪು ಗುಂಡಿ. ಗೋಡೆಯ ಮೇಲೆ, ಬಟ್ಟೆಗಾಡಿಗಳ ಹಿಂದೆ, ಏಳು ಹೆಜ್ಜೆ. ನಾನು ಅಲ್ಲಿಗೆ ಓಡಲಿಲ್ಲ ಮೇಡಂ. ಉಸಿರು ತಗೊಳ್ಳಿ, ಅದರ ಜೊತೆಗೇ ಹೋಗಿ. ಮತ್ತೆ ಬೆರಳು. ಓಡಲಿಲ್ಲ, ಯಾಕೆ ಓಡಲಿಲ್ಲ, ಎರಡು ವರ್ಷ ಇದೇ ಹುಳ, ಅಕ್ಕನಾದವಳು ಏಳು ಹೆಜ್ಜೆ ಓಡಲಾರದೆ ಹೋದಳೇ — ಅವಳ ಕೈ ಕಂಬಿಯ ಗಂಟಿಗೆ ಹೋಯಿತು. ಲಾಂಡ್ರಿಯಲ್ಲಿ ಗಂಟು ಅಂದರೆ ಒಂದೇ ಗಂಟು. ಹರಿದ ಹೊದಿಕೆಯ ಅಂಚನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಎಲ್ಲರೂ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾರೆ, ಮೂಟೆಗೆ ಒಂದು ಕುಣಿಕೆ, ಹೊರಗೆ ಒಂದು ಬಾಲ, ಬಾಲ ಹಿಡಿದು ಎಳೆದರೆ ಮೂಟೆ ಬಾಯಿ ಬಿಡಬೇಕು, ದಿನಕ್ಕೆ ಇನ್ನೂರು ಮೂಟೆ ಬಿಚ್ಚುವವರಿಗೆ ಕಗ್ಗಂಟು ಹಾಕಲು ಹುಚ್ಚೇ. ಏಳು ಹೆಜ್ಜೆ ಯಾಕೆ ಓಡಬೇಕು, ಗೇಣು ದೂರದಲ್ಲಿ ಗಂಟಿದೆ, ಒಂದು ಸಲ ಎಳೆದರೆ ಕಂಬಿ ಬಿಡುತ್ತದೆ, ತಲೆ ಯೋಚಿಸಲೇ ಇಲ್ಲ, ಕೈಗೆ ಗೊತ್ತಿತ್ತು, ಇಪ್ಪತ್ತಾರು ವರ್ಷದ ಕೈ, ಹೆಬ್ಬೆರಳು ತೋರುಬೆರಳು ಬಾಲ ಹುಡುಕಿದವು. ಮೇಲೆ ಹುಡುಕಿದವು, ಕೆಳಗೆ ಹುಡುಕಿದವು, ಪಕ್ಕಕ್ಕೆ, ಮತ್ತೆ ಮೇಲೆ — ಮಿಸ್ತ್ರಿ ಎಲ್ಲಿಂದಲೋ ಓಡಿ ಬಂದು ಗುಂಡಿ ಗುದ್ದಿದ, ಚಾಕುವಿನಿಂದ ಪಟ್ಟಿ ಕೊಯ್ದ, ಅವಳ ಬೆರಳು ಆಗಲೂ ಹುಡುಕುತ್ತಲೇ ಇದ್ದವು, ಈಗಲೂ, ಈ ಕುರ್ಚಿಯಲ್ಲಿ, ತೊಡೆಯ ಮೇಲೆ. ಬಾಲವಿಲ್ಲ. ನಿಲ್ಲು. ಬಾಲ ಸಿಗಲಿಲ್ಲ ಅಲ್ಲ. ಬಾಲ ಇರಲೇ ಇಲ್ಲ.

ಎಡಕ್ಕೆ, ಬಲಕ್ಕೆ. ಈಗ ವಿಚಾರಣೆಯ ಮೇಜು ಬರುತ್ತಿದೆ, ಯಾರು ಕರೆದರು ಇದನ್ನು, ಬಾಯಿ ಕಟ್ಟಿ ಕೂತಿದ್ದ ಆ ದಿನದ ಮೇಜು, ಎಡತುದಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಕೊಯ್ದ ಪಟ್ಟಿ, ಮಿಸ್ತ್ರಿ ಕೊಯ್ದದ್ದು ಬೇರೆ ಜಾಗದಲ್ಲಿ, ಗಂಟು ಗಂಟಾಗೇ ಉಳಿದಿದೆ. ಬಲತುದಿಯಲ್ಲಿ ಗಂಜಿಸಾಹೇಬ ತಂದಿಟ್ಟ ರಿಜಿಸ್ಟರುಗಳು, ನಾಲ್ಕು ಒಟ್ಟಿಗೆ, ಬಿಳಿ ಲಾಡಿಯಲ್ಲಿ ಕಟ್ಟಿದ್ದಾನೆ. ಎಡಕ್ಕೆ, ಮೂರು ಸುತ್ತು, ಬಿಗಿಗಂಟು. ಬಲಕ್ಕೆ, ಮೂರು ಸುತ್ತು, ಬಿಗಿಗಂಟು. ಎಡಕ್ಕೆ, ಬಾಲ ಸುತ್ತಿನ ಒಳಗೆ ತುರುಕಿದೆ. ಬಲಕ್ಕೆ, ಬಾಲ ಸುತ್ತಿನ ಒಳಗೆ ತುರುಕಿದೆ. ದಿನಾ ಸಂಜೆ ನೋಡಿದ್ದಾಳೆ, ರಿಜಿಸ್ಟರು ಕಟ್ಟಿ, ಮೂರು ಸುತ್ತು ಬಿಗಿದು, ತುದಿಯನ್ನು ಪೆನ್ನಿನ ಮೊನೆಯಿಂದ ಒಳಕ್ಕೆ ಒತ್ತುತ್ತಿದ್ದ, ಏನಾದರೂ ಜೋತಾಡಿದರೆ ಅವನಿಗಾಗದು, ನಿಮ್ಮ ಗಂಟು ನೋಡ್ರೇ, ಇಲಿ ಬಾಲದ ಹಾಗೆ ನೇತಾಡ್ತಿರುತ್ತೆ ಥೂ, ಅನ್ನುತ್ತಿದ್ದ, ತಂಗಿ ಹಿಂದಿನಿಂದ ಗೊಣಗುತ್ತಿದ್ದಳು, ಬಾಲ ಇರೋದು ಹಿಡಿಯೋಕೆ ಸಾಹೇಬ್ರೇ. ಪಟ್ಟಿ ಲಾಂಡ್ರಿಯದು, ಅದನ್ನೇ ಹಿಡಿದುಕೊಂಡು ಅವನು ವಿಚಾರಣೆಯಲ್ಲಿ, ಪಟ್ಟಿ ಇಟ್ಟುಕೊಳ್ಳೋರು ಹೆಂಗಸರೇ ಸಾರ್, ಬೇಗ ಮುಗಿಸಿ ಮನೆಗೆ ಹೋಗೋಕೆ ಅವರೇ ಕಟ್ಟಿದ್ದು, ಅಂತ ಬರೆಸಿದ. ಪಟ್ಟಿಯನ್ನು ಎಲ್ಲರೂ ನೋಡಿದರು. ಗಂಟನ್ನು ಯಾರೂ ನೋಡಲಿಲ್ಲ, ಗಂಟು ನೋಡುವ ಕಣ್ಣಿದ್ದವಳ ಬಾಯಿ ಹೋಗಿತ್ತು.

ಏನು ಬಂತು ಅಮ್ಮ? ಕಟ್ಟಿದ್ದು ಯಾರು ಅಂತ ಹೇಳಿದಳು. ಮಾತು ಸರಾಗವಾಗಿ ಬಂತು, ಗಾಳಿಯಲ್ಲ, ಮಾತು, ಅದನ್ನು ತಾನೇ ಕೇಳಿಸಿಕೊಂಡು ಬೆರಗಾದಳು. ಡಾಕ್ಟರಮ್ಮ ಬೆರಳು ಇಳಿಸಿದರು, ಒಂದು ಮಾತು ಅಮ್ಮ, ಇಲ್ಲಿ ಕೂತು ಕಂಡಿದ್ದೆಲ್ಲ ಹಾಗೇ ನಡೆದಿರುತ್ತೆ ಅಂತಿಲ್ಲ, ನೆನಪು ಫೋಟೋ ಅಲ್ಲ, ಇದನ್ನ ಸಾಕ್ಷಿ ಅಂತ ನಂಬ್ಕೊಂಡು ಹೋಗಬೇಡಿ. ನೆನಪು ಬೇಡ ಬಿಡಿ ಮೇಡಂ, ಗಂಟು ಚೀಲದಲ್ಲಿ ಕೂತಿದೆ, ಪಕ್ಕದಲ್ಲೇ ರಿಜಿಸ್ಟರಿನ ಮೇಲೆ ಅದರ ಅಣ್ಣ ಕೂತಿದ್ದಾನೆ, ನಾಳೆ ಕಣ್ಣಿದ್ದವರು ನೋಡ್ಕೊಳ್ಳಲಿ, ಬೇರೆ ಬೇರೆ ಅನ್ನಿಸಿದ್ರೆ ನಾನೇ ಎದ್ದು ಬರ್ತೀನಿ. ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಈಗ ಆ ಚಿತ್ರ ನೋಡಿದ್ರೆ ಹತ್ತರಲ್ಲಿ ಎಷ್ಟು? ಹುಡುಕಿದಳು. ಎರಡು, ಮೂರು ಇರಬಹುದು. ನಿಮ್ಮ ಬಗ್ಗೆ ಏನನ್ನಿಸುತ್ತೆ? ಡಬ್ಬಿಯಿಂದ ಒಂದು ಕಾಗದ ಎಳೆದಳು, ನನ್ನ ಕೈ ಸರಿಯಾದ ಕಡೆಗೇ ಹೋಗಿತ್ತು ಮೇಡಂ, ಅಂದಳು, ಅದು ನಮ್ಮ ಗಂಟಾಗಿದ್ದಿದ್ರೆ ನಮ್ಮ ಹುಡುಗಿ ಕೈ ಇರ್ತಿತ್ತು. ಮೂಗೊರೆಸಿಕೊಳ್ಳುತ್ತಲೇ ಒಳಗಿನ ಸಿಟ್ಟನ್ನು, ಕಾದ ಇಸ್ತ್ರಿಪೆಟ್ಟಿಗೆಗೆ ಒದ್ದೆ ಬೆರಳು ತಾಗಿಸುವ ಹಾಗೆ, ಒಂದು ಸಲ ಮುಟ್ಟಿ ನೋಡಿದಳು. ಚುಂಯ್ ಅಂತು. ಇದೆ. ಬಣ್ಣ ಬಿಟ್ಟಿಲ್ಲ, ಹೊಗೆ ಹೋಗಿದೆ ಅಷ್ಟೇ, ಶಾಖ ಹಾಗೇ ಇದೆ, ಇಷ್ಟು ದಿನ ಅದು ಅವಳನ್ನೇ ಸುಡುತ್ತಿತ್ತು, ಈಗ ಹಿಡಿಕೆ ಸಿಕ್ಕಿದೆ.

ನಾಳೆ ಕೂಗಬಾರದು. ಕೂಗಿದರೆ ಹೆಂಗಸು ಕೂಗಾಡಿದಳು ಅಂತ ಬರೆದುಕೊಳ್ಳುತ್ತಾರೆ. ಮೊದಲು ತನ್ನ ಪಾಲು, ಕಂಬಿ ಕಟ್ಟಿದ್ದು ಕಂಡಿತ್ತು ಸಾರ್, ಕಂಡೂ ಸುಮ್ಮನಿದ್ದೆ, ಬರೆದುಕೊಳ್ಳಿ. ಆಮೇಲೆ ಸೊಂಟದಿಂದ ಒಂದು ಪಟ್ಟಿ ತೆಗೆದು ಅಧಿಕಾರಿಯ ಪೆನ್ನಿನ ಡಬ್ಬಿಗೇ ನಮ್ಮ ಗಂಟು ಹಾಕಿ, ಎಳೀರಿ ಸಾರ್, ಅನ್ನಬೇಕು, ಎಳೆಯುತ್ತಾರೆ, ಬಿಚ್ಚುತ್ತದೆ. ಅವನಿಗೆ ಗಂಟು ಹಾಕಿ ಅನ್ನಲೇಬಾರದು, ಚಾಲಾಕಿ, ಬೇರೆ ಹಾಕಿ ತೋರಿಸುತ್ತಾನೆ. ಚೀಲವನ್ನೂ ರಿಜಿಸ್ಟರನ್ನೂ ಒಂದರ ಪಕ್ಕ ಒಂದು ಇಡಿ ಸಾರ್ ಅಂದರೆ ಸಾಕು. ತಂಗಿ ಪಕ್ಕದಲ್ಲಿರುತ್ತಾಳೆ, ನಾಳೆ ಶಾಲು ಬೇಡ ಕಣೇ, ತೋಳು ಮೇಜಿನ ಮೇಲಿಡು, ಅವನು ನೋಡಲಿ. ಆಮೇಲೆ ಮೆಲ್ಲಗೆ, ಗಂಜಿ ಹಾಕಿದ ದನಿಯಲ್ಲಿ, ಸಾಹೇಬ್ರೇ, ನಿಮ್ಮ ರಿಜಿಸ್ಟರು ನೀವೇ ಬಿಚ್ಚಿ, ಅನ್ನಬೇಕು, ಒಂದೇ ಕೈಯಲ್ಲಿ ಬಿಚ್ಚಿ, ಈ ಹುಡುಗಿ ಬಟ್ಟೆ ಉಡೋದು ಒಂದೇ ಕೈಯಲ್ಲಿ ತಾನೇ, ರೋಲರ್ ತಿರುಗ್ತಿದೆ ಅಂದ್ಕೊಂಡು ಬಿಚ್ಚಿ, ಒಳಗೆ ನಿಮ್ಮ ಸ್ವಂತದೋರ ಕೈ ಇದೆ ಅಂದ್ಕೊಂಡು — ಆಯಿತು ಅಮ್ಮ, ಇವತ್ತಿಗೆ ಸಾಕು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತಿರಿ. ಮುಚ್ಚಿದಳು. ತೊಡೆಯ ಮೇಲೆ ಅವಳ ಬೆರಳು ಎರಡು ವರ್ಷದ ಮೇಲೆ ಸುಮ್ಮನೆ ಬಿದ್ದಿವೆ. ರೆಪ್ಪೆಯೊಳಗೆ ಕಣ್ಣು ಇನ್ನೊಂದು ಸಲ ಎಡಕ್ಕೆ ಹೋಗಿ, ಬಲಕ್ಕೆ ಬಂದು, ನಿಂತುಬಿಟ್ಟಿತು — ಬಿಳಿ ಲಾಡಿ, ಮೂರು ಸುತ್ತು, ಅದರ ಮೇಲೆ ಗರಿಗರಿ ತೋಳಿನ ಒಂದು ಕೈ, ಹೆಬ್ಬೆರಳು ತೋರುಬೆರಳು ಮೇಲೆ ಹುಡುಕುತ್ತಿವೆ, ಕೆಳಗೆ ಹುಡುಕುತ್ತಿವೆ, ಪಕ್ಕಕ್ಕೆ, ಮತ್ತೆ ಮೇಲೆ. ಬಾಲವಿಲ್ಲ. ಹೆಬ್ಬೆರಳು, ತೋರುಬೆರಳು. ಬಾಲವಿಲ್ಲ.